ಏಳೂವರೆ ಕೆಜಿ ಹೊಟ್ಟೆಕಿಚ್ಚು

ನನ್ನ ಎಡಗೈ ಮೇಲೆ ನಾಲ್ಕು ಗಾಯದ ಗುರುತುಗಳಿವೆ. ಯಾರಾದರೂ ಕೇಳಿದರೆ ಬೆಕ್ಕು ಪರಚಿದ್ದು ಎನ್ನುತ್ತೇನೆ. ಅದು ಪೂರ್ತಿ ನಿಜವಲ್ಲ. ಬೆಕ್ಕು ತನ್ನ ಪಾಡಿಗೆ ತಾನು ಮಲಗಿರುತ್ತಿತ್ತು, ಎತ್ತಿಕೊಳ್ಳಲು ಹೋದವಳು ನಾನು. ಅದೂ ಮುದ್ದು ಉಕ್ಕಿ ಅಲ್ಲ. ಮಹಡಿ ಮೇಲಿನ ಆಪಾ ಎತ್ತಿಕೊಳ್ಳುತ್ತಾರಲ್ಲ, ನನಗೇಕೆ ಆಗುವುದಿಲ್ಲ ಎಂಬ ಹೊಟ್ಟೆಕಿಚ್ಚಿನಿಂದ.

2012ರ ಸುಮಾರಿಗೆ ನಾವು ಆರ್.ಟಿ. ನಗರದ ಒಂದು ಮನೆಯ ಕೆಳಗಡೆ ಬಾಡಿಗೆಗಿದ್ದೆವು. ಮೇಲೆ ಆಪಾ, ಅಂದರೆ ಉರ್ದುವಿನಲ್ಲಿ ಅಕ್ಕ, ಮತ್ತು ಅವರ ಯಜಮಾನರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಏಪ್ರಿಲ್ ಬಿಸಿಲಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಕಮೀಜು ಹಾಕುತ್ತಿದ್ದರು. ಅವರ ಕಡೆಯ ಪದ್ಧತಿ ಇರಬೇಕು ಎಂದುಕೊಂಡಿದ್ದೆ.

ಬೆಕ್ಕನ್ನು ತಂದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ರಾಜಾನುಕುಂಟೆಯಲ್ಲಿ ನನ್ನ ತವರಿನ ಕೊಟ್ಟಿಗೆಯಿಂದ ಅಂಗೈಯಷ್ಟು ಮರಿಯನ್ನು ಬಟ್ಟೆಚೀಲದಲ್ಲಿಟ್ಟು ಬಸ್ಸಿನಲ್ಲಿ ತಂದಿದ್ದೆ. ಇಂಕ್ ಫಿಲ್ಲರಿನಿಂದ ಹಾಲು ಕುಡಿಸಿದ್ದೆ. ಆಪರೇಷನ್ ಮಾಡಿಸಿದ ಮೇಲೆ ಅವನು ಬೆಳೆದ ರೀತಿಗೆ ಬೀದಿಯ ನಾಯಿಗಳೇ ದಾರಿ ಬಿಡುತ್ತಿದ್ದವು. ಡಾಕ್ಟರ ತಕ್ಕಡಿಯಲ್ಲಿ ಏಳೂವರೆ ಕೆಜಿ ತೂಗಿದ.

ಅವನು ಕೈತಪ್ಪಿದ್ದು ಶ್ರಾವಣದಲ್ಲಿ. ನಮ್ಮ ಮನೆಯಲ್ಲಿ ಆ ತಿಂಗಳಿಡೀ ಮೊಟ್ಟೆಯೂ ಒಳಗೆ ಬರುವುದಿಲ್ಲ. ಪ್ರತಿವರ್ಷ ಬೆಕ್ಕಿಗೆಂದು ಹಿತ್ತಲಲ್ಲಿ ಕದ್ದು ಒಂದಿಷ್ಟು ಮೀನು ಹಾಕುತ್ತಿದ್ದೆ. ಆ ವರ್ಷ ಅತ್ತೆ ಬಂದಿದ್ದರು.

“ಮನೇಲಿರೋ ಜೀವ ಮನೆಯವರಂಗೇ ಇರ್ಬೇಕು ಕಣಮ್ಮ. ಒಂದ್ ತಿಂಗ್ಳು ಇಂಗೇ ಮೊಸರನ್ನ ತಿಂದ್ರೆ ಸತ್ತೋಗಾಕಿಲ್ಲ” ಎಂದರು.

ನಾನೂ ಹೂಂ ಎಂದೆ. ಬೆಕ್ಕಿನ ಕೈಯಲ್ಲಿ ಶ್ರಾವಣ ಮಾಡಿಸಲು ಹೊರಟ ಬುದ್ಧಿವಂತೆ ನಾನು. ಅವನು ನಾಲ್ಕು ದಿನ ಮೊಸರನ್ನವನ್ನು ಮೂಸಿ ನೋಡಿದ. ಐದನೆಯ ದಿನ ಮೆಟ್ಟಿಲು ಹತ್ತಿದ. ಮೇಲೆ ಬೇಯಿಸಿದ ಕೋಳಿ ಸಿಕ್ಕಿತು, ಅದರ ಜೊತೆಗೆ ಮಡಿಲೂ ಸಿಕ್ಕಿತು.

ಶ್ರಾವಣ ಮುಗಿಯಿತು. ಗೌರಿ ಗಣೇಶನ ಹಬ್ಬವೂ ಮುಗಿದ ಮೇಲೆ ನಾನು ಕೋಳಿಯ ಈಲಿ, ಅಂದರೆ ಲಿವರ್, ತಂದು ಹುರಿದೆ. ಬಂದ, ತಿಂದ, ಬಾಯಿ ಒರೆಸಿಕೊಂಡು ಮತ್ತೆ ಮಹಡಿ ಹತ್ತಿದ. ಅಂದು ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದರೆ ಆಪಾ ಅವನನ್ನು ಎಡತೋಳಿನಲ್ಲಿ ಕೂರಿಸಿಕೊಂಡು ಬಲಗೈಯಲ್ಲಿ ಬಟ್ಟೆ ತೆಗೆಯುತ್ತಿದ್ದರು. “ಬಸ್ ಬೇಟಾ, ಆಯ್ತು” ಎನ್ನುತ್ತಿದ್ದರು. ಅವನು ಕಣ್ಣು ಮುಚ್ಚಿಕೊಂಡಿದ್ದ. ನನ್ನ ತೋಳಿನಲ್ಲಿ ಅವನು ಒಮ್ಮೆಯೂ ಹಾಗೆ ಕೂತವನಲ್ಲ. ಹೊಟ್ಟೆ ಧಗಧಗ ಉರಿಯಿತು.

ಮಾರನೆಯ ದಿನವೇ ಮೆಟ್ಟಿಲ ಮೇಲೆ ಮಲಗಿದ್ದವನ ಕಂಕುಳಿಗೆ ಕೈಹಾಕಿ ಬಗ್ಗಿ ಎತ್ತಿದೆ. ನೆನೆದ ಬೆಡ್‌ಶೀಟಿನಂತೆ ಉದ್ದಕ್ಕೆ ಜೋತುಬಿದ್ದ. ಅರ್ಧ ಮೇಲೆದ್ದಿದ್ದೆ, ಸೊಂಟ ಕಳಕ್ ಎಂದಿತು. ಮೂರು ದಿನ ಮಲಗಿದೆ.

“ಬೆಕ್ಕು ಎತ್ತೋಕ್ ಹೋದೋಳ್ನ ನಾವ್ ಎತ್ಬೇಕಾಯ್ತಲ್ಲೇ” ಎಂದು ನಮ್ಮ ಮನೆಯವರು ಸಿಕ್ಕವರಿಗೆಲ್ಲ ಹೇಳಿಕೊಂಡು ನಕ್ಕರು. ನೋವಿನ ಎಣ್ಣೆ ಹಿಡಿದು ಆಪಾ ನೋಡಲು ಬಂದರು, ಇನ್ನೊಂದು ತೋಳಿನಲ್ಲಿ ಅವನು. “ನೋಡಮ್ಮಾ, ಇವನೂ ಬಂದಿದಾನೆ” ಎಂದರು. ಅವರಿಗೆ ಎಳ್ಳಷ್ಟೂ ಕೆಟ್ಟ ಉದ್ದೇಶ ಇರಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು.

ಎರಡನೆಯ ಸಲ ಎದೆಗೆ ಅವುಚಿಕೊಂಡೆ. ಒಳಗೆ ಕುಕ್ಕರ್ ಕೂಗಿತು, ಅವನು ಹಿಂಗಾಲಿನಿಂದ ನನ್ನ ಮುಂಗೈಯನ್ನು ಉತ್ತು ಹಾರಿದ. ಅಲ್ಲಿ ಎರಡು ಗೆರೆ. ಮೂರನೆಯ ಸಲ ಆಪಾ ಮನೆಯ ಮಂಚದಡಿಯಿಂದ ಎಳೆಯಲು ಹೋದಾಗ ಹೆಬ್ಬೆರಳಿನ ಬುಡಕ್ಕೆ ಕಚ್ಚಿದ. ಸೂಜಿಗೆಂದು ಆಸ್ಪತ್ರೆಗೆ ಮೇಲಿಂದ ಮೇಲೆ ಅಲೆಯಬೇಕಾಯಿತು. ಮೊದಲ ದಿನ ನರ್ಸಮ್ಮ ಕೇಳಿದರು, “ಸಾಕಿದ ಬೆಕ್ಕಾ, ಬೀದೀದಾ?”

“ನಮ್ದಲ್ಲ, ಮಹಡಿ ಮನೆಯವರದ್ದು” ಎಂದುಬಿಟ್ಟೆ. ಅಂದಿನಿಂದ ಅವನನ್ನು ಮುಟ್ಟುವುದನ್ನೇ ಬಿಟ್ಟೆ.

ಎರಡು ವರ್ಷ ಕಳೆದು ಕೆಂಪಾಪುರದಲ್ಲಿ ನಮ್ಮ ಸ್ವಂತ ಮನೆಯಾಯಿತು. “ಅವ್ರ ಹತ್ರಾನೇ ಇರ್ಲಿ ಬಿಡೆ, ಆರಾಮಾಗಿದಾನೆ” ಎಂದರು ನಮ್ಮ ಮನೆಯವರು. ನಾನು ಜಗಳಕ್ಕೇ ಬಿದ್ದೆ. ತಂದವಳು ನಾನು, ಫಿಲ್ಲರಿನಲ್ಲಿ ಹಾಲು ಹಾಕಿದವಳು ನಾನು. ಅವನು ಇಲ್ಲದೆ ಆ ಮನೆಗೆ ಕಾಲಿಡುವುದಿಲ್ಲ ಎಂದೆ. ಸಾಮಾನು ಲಾರಿಗೆ ಏರಿದ ದಿನ ತರಕಾರಿ ಬುಟ್ಟಿ ಹಿಡಿದು ಅರ್ಧ ಗಂಟೆ ಅವನ ಸುತ್ತ ಸುಳಿದಾಡಿದೆ. ಕೈ ಮುಂದೆ ಹೋಗಲೇ ಇಲ್ಲ. ಕೊನೆಗೆ ಅವಮಾನ ನುಂಗಿಕೊಂಡು ಆಪಾರನ್ನೇ ಕೇಳಿದೆ. ‘ಇಲ್ಲೇ ಇರಲಿ’ ಎಂಬ ಒಂದು ಮಾತು ಅವರು ಆಡಿದ್ದರೆ ನಾನು ಖಾಲಿ ಬುಟ್ಟಿ ಹಿಡಿದೇ ಹೊರಡಬೇಕಿತ್ತು.

ಅವರು ನನ್ನ ಕೈಯಿಂದ ಬುಟ್ಟಿ ತೆಗೆದು ಪಕ್ಕಕ್ಕಿಟ್ಟರು. “ಬುಟ್ಟಿ ಬೇಡಮ್ಮಾ, ಹೆದರ್ಕೋತಾನೆ. ನಾನೇ ಎತ್ಕೊಂಡ್ ಬರ್ತೀನಿ” ಎಂದರು.

ಆಟೋದಲ್ಲಿ ನನ್ನ ಪಕ್ಕದಲ್ಲೇ ಅವರು, ಅವರ ತೋಳಿನಲ್ಲಿ ದುಪಟ್ಟಾ ಹೊದ್ದ ಅವನು. ಹೆಬ್ಬಾಳದ ಹತ್ತಿರ ಲಾರಿಯೊಂದು ಕಿವಿಯ ಪಕ್ಕದಲ್ಲೇ ಹಾರ್ನ್ ಹೊಡೆಯಿತು. ಅವನು ಮೈಯೆಲ್ಲ ಸೆಟೆದುಕೊಂಡ. ಆಪಾ ಮಿಸುಕಲಿಲ್ಲ. ಇವರ ಹತ್ತಿರ ಮಾತ್ರ ಹೇಗೆ ಒಳ್ಳೆಯವನಾಗಿರುತ್ತಾನೆ ನೋಡು ಎಂದು ನಾನು ಒಳಗೊಳಗೇ ಕುದಿಯುತ್ತ ಕೂತಿದ್ದೆ.

ಹೊಸ ಮನೆಯ ಬಾಗಿಲು ಹಾಕಿ ಅವನನ್ನು ಇಳಿಸಿದ ಮೇಲೆ ಆಪಾ ಸಿಂಕಿನ ಹತ್ತಿರ ಹೋಗಿ ಕಮೀಜಿನ ತೋಳು ಮೇಲೆ ಸರಿಸಿದರು. ಮುಂಗೈಯಿಂದ ರಕ್ತ ಇಳಿಯುತ್ತಿತ್ತು.

“ಇದು ಯಾವಾಗಾಯ್ತು ಆಪಾ?”

“ಹಾರ್ನ್ ಹೊಡೆದ್ನಲ್ಲ, ಆಗ.”

ಹೊಸ ಗಾಯದ ಸುತ್ತ ಮೊಣಕೈವರೆಗೆ ಹಳೆಯ ಗೀರುಗಳು, ಬಿಳಿಯವು, ಕಂದಿದವು, ಒಂದರ ಮೇಲೊಂದು. ಎಣಿಸಲು ಸಾಧ್ಯವಿರಲಿಲ್ಲ. ಉದ್ದ ತೋಳು ಪದ್ಧತಿಯದಲ್ಲ ಎಂದು ಆಗ ಗೊತ್ತಾಯಿತು.

“ನಮ್ಮ ಯಜಮಾನ್ರು ನೋಡಿದ್ರೆ ಇವನನ್ನ ಒಳಗೆ ಬಿಡ್ತಿರ್ಲಿಲ್ಲ” ಎಂದು ತೋಳು ಇಳಿಸಿಕೊಂಡರು. “ಹಿಂದಿನ ಕಾಲ್ ಕೆಳಗೆ ಕೈ ಕೊಡ್ಬೇಕಮ್ಮಾ. ನೇತಾಡಿದ್ರೆ ಬೀಳ್ತೀನಿ ಅಂತ ಭಯ ಅವನಿಗೆ. ಭಯ ಆದ್ರೆ ಉಗುರು ಹಾಕ್ತಾನೆ. ಆಗ ಬಿಟ್ಬಿಟ್ರೆ ಇನ್ನ್ ನಂಬಲ್ಲ.”

ಆ ಕೈ ನೋಡಿ ನನಗೆ ಕನಿಕರ ಹುಟ್ಟಬೇಕಿತ್ತು. ಹುಟ್ಟಿದ್ದು ಹೊಟ್ಟೆಕಿಚ್ಚೇ. ಅವನು ಎಲ್ಲರನ್ನೂ ಒಂದೇ ರೀತಿ ಪರಚುತ್ತಿದ್ದ. ಅಷ್ಟು ಸಲ ಪರಚಿದಾಗಲೂ ಅವರು ಕೈ ಬಿಟ್ಟಿರಲಿಲ್ಲ. ನಾನು ಮೂರಕ್ಕೇ ಬಿಟ್ಟಿದ್ದೆ, ಆಸ್ಪತ್ರೆಯಲ್ಲಿ ನಮ್ಮದಲ್ಲ ಎಂದೂ ಹೇಳಿಬಂದಿದ್ದೆ.

ಆಪಾ ಕಾಫಿಯನ್ನೂ ಕುಡಿಯದೆ ಹೊರಟರು. ಅವನು ಕಿಟಕಿ ಹತ್ತಿ ರಸ್ತೆಯ ಕಡೆ ನೋಡುತ್ತ ಕೂಗತೊಡಗಿದ. ನಾನು ಹೋಗಿ ಹಿಂಗಾಲಿನ ಕೆಳಗೆ ಕೈ ಕೊಟ್ಟು ಎತ್ತಿಕೊಂಡೆ. ಎರಡು ನಿಮಿಷ ಸುಮ್ಮನಿದ್ದ. ಹೊರಗೆ ಲಾರಿಯವರು ಬೀರುವನ್ನು ದಡಾರನೆ ಇಳಿಸಿದರು, ಅವನ ಉಗುರು ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಇಳಿಯಿತು. ಕಣ್ಣಲ್ಲಿ ನೀರು ಬಂತು. ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಮೈ ಸಡಿಲವಾಯಿತು, ತಲೆ ನನ್ನ ಭುಜಕ್ಕೆ ಬಂತು. ಕಿಟಕಿಯಾಚೆ ನೋಡಿದೆ. ಆಪಾ ಆಗಲೇ ಆಟೋ ಹತ್ತಿ ಹೋಗಿದ್ದರು. ಅವರು ಇದನ್ನು ನೋಡಲಿಲ್ಲವಲ್ಲ ಎಂದು ಬಹಳ ಬೇಜಾರಾಯಿತು.