ಕರ್ಪೂರದ ಬುಲಾಕು

ಕಳೆದ ಬುಧವಾರ ಮುಳಬಾಗಿಲಿನ ಪೇಟೆಬೀದಿಯಲ್ಲಿ, ಹಾಡುಹಗಲು ಹನ್ನೊಂದು ಗಂಟೆಗೆ, ನಾಲ್ಕು ಜನ ನೋಡುತ್ತಿರುವಂತೆಯೇ ನಾನು ಮೂಗಿಗೆ ಬುಲಾಕು ಧರಿಸಿದೆ.

ಓದುಗರು ಗಾಬರಿಯಾಗಬೇಕಿಲ್ಲ. ಎಪ್ಪತ್ತೆರಡು ವರ್ಷದ ನಿವೃತ್ತ ಸಂಸ್ಕೃತ ಮೇಷ್ಟರಿಗೆ ಈ ವಯಸ್ಸಿನಲ್ಲಿ ಅಲಂಕಾರದ ಹುಚ್ಚು ಹಿಡಿದಿಲ್ಲ. (ಹಿಡಿದಿದ್ದರೂ ಇಲ್ಲಿ ಒಪ್ಪಿಕೊಳ್ಳುವಷ್ಟು ಧೈರ್ಯ ನನಗಿಲ್ಲ.) ಬುಲಾಕು ಎಂದು ಹೆಸರಿಟ್ಟವಳು ನನ್ನ ಮಡದಿ ಲಲಿತಮ್ಮ. ಅದರ ನಿಜವಾದ ಹೆಸರು ನೇಸಲ್ ಇನ್‌ಹೇಲರ್. ಮಲ್ಲಿಗೆಯ ಮೊಗ್ಗಿನ ಗಾತ್ರದ, ಮೆತ್ತನೆಯ ಎರಡು ಬಟ್ಟಲುಗಳು. ಎರಡನ್ನೂ ಸೇರಿಸುವ ತೆಳ್ಳನೆಯ ಕಮಾನು. ಬಟ್ಟಲೊಳಗೆ ಔಷಧಿಯಲ್ಲಿ ನೆನೆಸಿದ ಪುಟ್ಟ ಪ್ಯಾಡು. ಒಂದೊಂದು ಹೊಳ್ಳೆಗೆ ಒಂದೊಂದನ್ನು ಸಿಕ್ಕಿಸಿಕೊಂಡರೆ ಸಾಕು. ಕೈಯಲ್ಲಿ ಹಿಡಿಯಬೇಕಿಲ್ಲ, ಪದೇ ಪದೇ ಮೂಗಿನ ಹತ್ತಿರ ತರಬೇಕಿಲ್ಲ. ಒಳಗೆ ಹೋಗುವ ಪ್ರತಿಯೊಂದು ಉಸಿರೂ ಔಷಧಿಯ ಆವಿಯನ್ನು ಹೊತ್ತುಕೊಂಡೇ ಹೋಗುತ್ತದೆ. ಹೊರಗೆ ಕಾಣುವುದು ಮೂಗಿನ ಕೆಳಗಿನ ಆ ಕಮಾನು ಮಾತ್ರ. ದೇವಿಯ ವಿಗ್ರಹಕ್ಕೆ ಬುಲಾಕು ಇಡುವ ಜಾಗದಲ್ಲೇ!

ಇಷ್ಟಕ್ಕೂ ನನಗದು ಏಕೆ ಬೇಕಾಯಿತು?

ಬೈರಕೂರಿಗೆ ಸಮೀಪದ ನಮ್ಮ ಊರಿನಲ್ಲಿ ಒಂದು ಸಣ್ಣ ಗೋಪಾಲಕೃಷ್ಣನ ಗುಡಿಯಿದೆ. ಧನುರ್ಮಾಸದ ಮೂವತ್ತು ದಿನವೂ ಬೆಳಗಿನ ಐದೂವರೆಗೆ ಅಲ್ಲಿ ಸ್ತೋತ್ರಪಾರಾಯಣ ನಡೆಯಬೇಕು. ನನ್ನ ತಂದೆಯವರು ಮಾಡುತ್ತಿದ್ದರು. ಅವರ ಅನಂತರ ಮೂವತ್ತೊಂದು ವರ್ಷದಿಂದ ನಾನು ಮಾಡುತ್ತಿದ್ದೇನೆ. ಆ ಚಳಿಯಲ್ಲಿ ಕೇಳುವವರು ಯಾರು ಎನ್ನುವಿರಾ? ಹಾಲಿನ ಕ್ಯಾನು ಹಿಡಿದು ಡೇರಿಗೆ ನಡೆಯುವವರು ಕೇಳುತ್ತಾರೆ. ಟೊಮ್ಯಾಟೊ ಬಿಡಿಸಲು ಟೆಂಪೊ ಹತ್ತುವವರು ಕೇಳುತ್ತಾರೆ. ಒಳಗೆ ನಿಂತಿರುವವನು ಕೇಳುತ್ತಾನೆಂಬುದು ನನ್ನ ನಂಬಿಕೆ.

ಈ ವರ್ಷ ಮೊದಲ ದಿನವೇ ಮಂಜು ಕವಿಯಿತು. ಅದರೊಂದಿಗೆ ನನ್ನ ಮೂಗೂ ಕಟ್ಟಿತು. ಕಟ್ಟಿದ ಮೂಗಿನಿಂದ ಮಾತನಾಡಬಹುದು, ಜಗಳವಾಡಬಹುದು, ಸಂಸ್ಕೃತವನ್ನು ಮಾತ್ರ ಹೇಳಲಾಗದು. ಆ ಭಾಷೆಯ ಅರ್ಧ ಜೀವ ಮೂಗಿನಲ್ಲಿದೆ. ‘ನಮಃ’ ಎಂದು ನಾನು ಹೇಳಿದರೆ ಮೈಕಿನಲ್ಲಿ ‘ದಬಃ’ ಎಂದು ಕೇಳುತ್ತಿತ್ತು. ಒಂದೆರಡು ಬಾರಿಯಾದರೆ ಸಹಿಸಬಹುದು. ನೂರೆಂಟು ನಾಮಗಳಿಗೂ ನೂರೆಂಟು ದಬಃ ಎಂದರೆ ದೇವರು ತಾನೇ ಏನೆಂದುಕೊಂಡಾನು?

ದೇವರು ಏನೂ ಹೇಳಲಿಲ್ಲ. ಮೂರನೆಯ ದಿನ ಹೇಳಿದವರು ಧರ್ಮದರ್ಶಿ ಮುನಿಯಪ್ಪನವರು. ಟೊಮ್ಯಾಟೊ ಮಂಡಿ ನಡೆಸುವವರು, ಒಳ್ಳೆಯವರು, ಗುಡಿಗೆ ಆಂಪ್ಲಿಫೈಯರ್ ಕೊಡಿಸಿದವರು.

“ತಪ್ಪು ತಿಳ್ಕೋಬೇಡಿ ಸಾಮಿ,” ಎಂದರು. “ಈ ಚಳೀಲಿ ನಿಮ್ಗ್ಯಾಕೆ ಕಷ್ಟ? ನಮ್ ಅಳಿಯ ಪೆನ್‌ಡ್ರೈವ್‌ನಾಗೆ ಎಲ್ಲಾ ಹಾಕ್ಕೊಟ್ಟವ್ನೆ. ಚುಚ್ಚಿದ್ರೆ ಸಾಕು, ಅದೇ ಹೇಳ್ಕೊಂಡು ಹೋಗ್ತದೆ. ಏಮಂಟಾರು?”

(ಕನ್ನಡದಲ್ಲಿ ಹೊರಟ ಮಾತು ತೆಲುಗಿನಲ್ಲಿ ಹೋಗಿ ಇಳಿಯುವುದು ನಮ್ಮ ಸೀಮೆಯಲ್ಲಿ ಹೊಸತಲ್ಲ.)

ನಾನು ಏನೆನ್ನಲಿ? ಪೆನ್‌ಡ್ರೈವಿಗೆ ನೆಗಡಿ ಬರುವುದಿಲ್ಲ, ನಿಜ. ಆದರೆ ತಾನು ಯಾರ ಎದುರು ನಿಂತಿದ್ದೇನೆಂಬುದೂ ಅದಕ್ಕೆ ಗೊತ್ತಿರುವುದಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ‘ಪೆದ್‌ಡ್ರೈವ್’ ಎಂದು ಹೊರಬಂದಿತು. ಮುನಿಯಪ್ಪನವರಿಗೆ ಕನಿಕರವೇ ಹುಟ್ಟಿರಬೇಕು.

“ಆಯ್ತು, ಶನಿವಾರದ್ ಗಂಟ ನೋಡೋಣ. ಸರಿಹೋಗ್ಲಿಲ್ಲ ಅಂದ್ರೆ ಭಾನುವಾರದಿಂದ ಪೆನ್‌ಡ್ರೈವ್.”

ಮನೆಮದ್ದುಗಳೆಲ್ಲ ಆಗಿದ್ದವು. ಮೊದಲಾದರೆ ಊರಾಚೆಯ ನೀಲಗಿರಿ ತೋಪಿಗೆ ಹೋಗಿ ಒಂದು ಹಿಡಿ ಸೊಪ್ಪು ತಂದು, ಕುದಿಯುವ ನೀರಿಗೆ ಹಾಕಿ, ಕಂಬಳಿ ಹೊದ್ದು ಕೂರುತ್ತಿದ್ದೆವು. ನಮ್ಮ ಜಿಲ್ಲೆಯವರಿಗೆ ನೀಲಗಿರಿಯ ಮೇಲೆ ಬಹಳ ಕೋಪ. ನೆಲದ ನೀರನ್ನೆಲ್ಲ ಕುಡಿಯಿತೆಂದು ತೋಪನ್ನು ಕಡಿಸಿಯಾಗಿದೆ. ಆ ಕೋಪ ನನಗೂ ಇದೆ, ನೆಗಡಿ ಇಲ್ಲದ ದಿನಗಳಲ್ಲಿ. ಅಂಗಡಿಯ ತೈಲ ಹಾಕಿ ಹಬೆ ಹಿಡಿದದ್ದಾಯಿತು. ಅಡುಗೆಮನೆಯಿಂದ ಗುಡಿಯ ಮೆಟ್ಟಿಲು ಮುಟ್ಟುವವರೆಗೆ ಮೂಗು ತೆರೆದಿರುತ್ತಿತ್ತು. ಸಂಕಲ್ಪ ಮುಗಿಯುವಷ್ಟರಲ್ಲಿ ಮುಚ್ಚಿಕೊಳ್ಳುತ್ತಿತ್ತು.

ಆದ್ದರಿಂದ ಬುಧವಾರ ಪಾರಾಯಣ ಮುಗಿಸಿ ಮುಳಬಾಗಿಲಿನ ಬಸ್ಸು ಹತ್ತಿದೆ. ಅಲ್ಲಿ ನಯಾಜ್ ಎಂಬವನ ಮೆಡಿಕಲ್ ಶಾಪಿದೆ. ಹೈಸ್ಕೂಲಿನಲ್ಲಿ ನನ್ನ ಬಳಿ ಮೂರು ವರ್ಷ ಸಂಸ್ಕೃತ ಓದಿದವನು. ಈಗ ಅವನ ಗಡ್ಡವೂ ಅರ್ಧ ಬೆಳ್ಳಗಾಗಿದೆ.

“ಬನ್ನಿ ಸಾರ್, ಕೂತ್ಕೊಳ್ಳಿ. ಮಾತ್ರೆ ಕೇಳ್ಬೇಡಿ. ಬಿ.ಪಿ. ಇದೆ ನಿಮ್ಗೆ, ಡಾಕ್ಟ್ರು ಬರ್ಕೊಡದೆ ನಾನು ಕೊಡಲ್ಲ,” ಎಂದವನೇ ಗಾಜಿನ ಬೀರುವಿನಿಂದ ಒಂದು ಡಬ್ಬಿ ತೆಗೆದ. “ಇದು ಹಾಕ್ಕೊಳ್ಳಿ. ಹೊಸಾದು ಬಂದಿದೆ. ದಿನಕ್ಕೊಂದು ಪ್ಯಾಡಿನ ಪ್ಯಾಕೆಟ್, ಏಳು ದಿನಕ್ಕೆ ಏಳು. ಮುಖ ಮೇಲೆ ಮಾಡಿ ಸಾರ್.”

ನಡುಬೀದಿಯಲ್ಲಿ ಮುಖ ಮೇಲೆ ಮಾಡಿದೆ. ಅವನೇ ಸಿಕ್ಕಿಸಿದ.

“ಅನುಸ್ವಾರ ತಪ್ಪಿದ್ರೆ ಕಿವಿ ಹಿಂಡ್ತಿದ್ರಿ, ನೆನಪಿದೆಯಾ? ಈಗ ನೋಡಿ, ನಿಮ್ಮ ಅನುಸ್ವಾರ ನಾನು ರಿಪೇರಿ ಮಾಡ್ತಿದೀನಿ. ಹೇಳಿ, ನಮಃ ಅನ್ನಿ.”

ಎರಡು ನಿಮಿಷ ಕಾದು, ಹೇಳಿದೆ. ‘ನ’ ಎಂಬುದು ‘ನ’ ಎಂದೇ ಬಂದಿತು! ಎದುರಿಗೆ ರಾಶಿ ಹಾಕಿದ್ದ ಅವರೆಕಾಯಿಯ ಸೊಗಡು ನಾಲ್ಕು ದಿನದ ಅನಂತರ ಮೊದಲ ಬಾರಿಗೆ ಮೂಗಿಗೆ ಬಡಿಯಿತು. ಒಂದು ಸೇರು ಕೊಂಡುಕೊಂಡು ಬಸ್ಸು ಹತ್ತಿದೆ.

ಬಾಗಿಲು ತೆಗೆದ ಲಲಿತಮ್ಮ ಒಂದು ಗಳಿಗೆ ನನ್ನನ್ನೇ ನೋಡಿದಳು.

“ಏನ್ರೀ ಇದು? ಮದ್ವೆಯಾಗಿ ನಲವತ್ತಾರು ವರ್ಷ ಆಯ್ತು, ನಂಗೊಂದು ಬುಲಾಕು ತರ್ಲಿಲ್ಲ. ನೀವೇ ಹಾಕ್ಕೊಂಡು ಬಂದ್ರಾ?”

“ಔಷಧಿ ಕಣೇ.”

“ಚೆನ್ನಾಗೇ ಕಾಣತ್ತೆ ಬಿಡಿ. ಕಳಶಕ್ಕೆ ಮುಖ ಇಟ್ಟ ಹಾಗಿದೆ.”

ಗುರುವಾರ ಬೆಳಿಗ್ಗೆ ಅದನ್ನು ಧರಿಸಿಯೇ ಗುಡಿಗೆ ಹೋದೆ. (ಮಡಿಗೆ ಬರುವುದೇ ಎಂದು ಕೇಳಬೇಡಿ. ಕನ್ನಡಕವೂ ಹಲ್ಲಿನ ಸೆಟ್ಟೂ ಮೊದಲೇ ಗರ್ಭಗುಡಿಯ ಮುಂದೆ ನಿಂತಾಗಿದೆ.) ಪ್ರಾಣಾಯಾಮಕ್ಕೆಂದು ಬೆರಳು ಮೂಗಿಗೆ ಹೋದಾಗ ಕಮಾನು ತಡೆಯಿತು, ಅದೊಂದು ನಿಮಿಷ ತೆಗೆದಿಟ್ಟು ಮತ್ತೆ ಸಿಕ್ಕಿಸಿದೆ. ಆಮೇಲೆ ಮೊದಲಿನಿಂದ ಕೊನೆಯವರೆಗೆ ಒಂದಕ್ಷರವೂ ಒಡೆಯಲಿಲ್ಲ. ಮುನಿಯಪ್ಪನವರು ಓಡುತ್ತಲೇ ಬಂದರು.

“ನೀವಾ ಸಾಮಿ! ನಾನು ಪೆನ್‌ಡ್ರೈವ್ ಹಾಕ್ಬಿಟ್ಟವ್ರೆ ಅಂದ್ಕೊಂಡೆ!”

ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಈವರೆಗೆ ಬಂದಿಲ್ಲ. ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಸೊಗಸಾಗಿತ್ತು!

ಮುಗಿಯಲಿಲ್ಲ. ಶುಕ್ರವಾರ ಪಾರಾಯಣವಾದ ಮೇಲೆ ಮಂಗಳಾರತಿ. ಅರ್ಚಕ ಶೇಷಾದ್ರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಬೆಳಗಿದ. ಹೊರಗೆ ತಂದು ನಮ್ಮ ಮುಂದೆ ಹಿಡಿದ. ಕಣ್ಣಿಗೊತ್ತಿಕೊಂಡೆ. ಆರತಿಯ ಕರ್ಪೂರದ ಆ ಪರಿಮಳವನ್ನು ಬಲ್ಲಿರಷ್ಟೆ? ಮನೆಯಿಂದ ಹೊರಟಾಗಿನಿಂದ ಕಾದಿದ್ದು, ಕೊನೆಗೊಮ್ಮೆ ಎದೆತುಂಬ ಎಳೆದುಕೊಳ್ಳುವಂಥದ್ದು. ಅಂದು ಅದು ಬರಲೇ ಇಲ್ಲ. ಬರಲಿಲ್ಲವೆಂದರೆ ತಪ್ಪಾದೀತು, ಆಗಲೇ ಬಂದು ಕೂತಿತ್ತು. ಬೆಳಗಿನ ನಾಲ್ಕೂವರೆಯಿಂದ ನನ್ನ ಮೂಗಿನಲ್ಲಿದ್ದದ್ದು ಅದೇ ವಾಸನೆ! (ಗುರುವಾರ ಹೊಗಳಿಕೆಯ ಅಮಲಿನಲ್ಲಿ ಇದು ಗಮನಕ್ಕೆ ಬಂದಿರಲಿಲ್ಲ.)

ಮನೆಗೆ ಬಂದು ಭೂತಗನ್ನಡಿ ಹಿಡಿದು ಡಬ್ಬಿಯ ಮೇಲಿನ ಸಣ್ಣಕ್ಷರವನ್ನು ಓದಿದೆ. ನೀಲಗಿರಿ ತೈಲ, ಪುದೀನದ ಸತ್ವ, ಓಮದ ಸತ್ವ. ನಾಲ್ಕನೆಯದು ಕರ್ಪೂರ.

ನನ್ನ ಸಂಕಟ ಕಿರಿಯ ಓದುಗರಿಗೆ ತಿಳಿಯಲೆಂದು ಒಂದು ಮಾತು. ದೇವರಿಗೆ ಏರಿಸುವ ಹೂವನ್ನು ನಾವು ಮೂಸುವುದಿಲ್ಲ. ಮೂಸಿದ ಹೂವು ಪೂಜೆಗೆ ಸಲ್ಲದು. ಹೂಬುಟ್ಟಿಯ ಮೇಲೆ ಬಗ್ಗಿದರೆ ನಮ್ಮ ತಾಯಿ ತಲೆಗೆ ಮೊಟಕುತ್ತಿದ್ದರು. ನೈವೇದ್ಯದ ಹುಗ್ಗಿಯನ್ನು ತಿರುವುವಾಗ ಲಲಿತಮ್ಮ ಇಂದಿಗೂ ಮುಖವನ್ನು ಪಕ್ಕಕ್ಕೆ ಹಿಡಿದಿರುತ್ತಾಳೆ. ಮೊದಲ ಪರಿಮಳ ಅವನದು. ನಮ್ಮದೇನಿದ್ದರೂ ಅವನು ಬಿಟ್ಟುಕೊಟ್ಟದ್ದು. ಹೀಗಿರುವಾಗ ನಾನು ಎರಡು ದಿನ ಅವನ ಎದುರಿಗೇ ಕುಳಿತು, ಅವನಿಗಿಂತ ಒಂದು ಗಂಟೆ ಮೊದಲೇ ಕರ್ಪೂರವನ್ನು ಮೂಸುತ್ತಿದ್ದೆ!

ಹುಚ್ಚು ಎನ್ನುವಿರಾ? ಎನ್ನಿ. ಲಲಿತಮ್ಮನೂ ಅದನ್ನೇ ಎಂದಳು.

“ಮೂಗಿನ ಔಷಧಿಗೂ ಆಚಾರವೇ? ವಿಕ್ಸ್ ಹಚ್ಕೊಂಡು ಗುಡಿಗೆ ಹೋಗಿಲ್ವೇ ನೀವು?”

ಹೋಗಿದ್ದೆ. ಅದರಲ್ಲಿ ಏನಿದೆಯೆಂದು ಓದಿರಲಿಲ್ಲ. ಓದದೆ ಮಾಡಿದ್ದು ಬೇರೆ, ಓದಿದ ಮೇಲೆ ಮಾಡುವುದು ಬೇರೆ. (ಓದು ಮನುಷ್ಯನಿಗೆ ಸುಖ ಕೊಡುತ್ತದೆಂದು ಮೂವತ್ತು ವರ್ಷ ಪಾಠ ಹೇಳಿದವನು ನಾನೇ.)

ಶನಿವಾರ ಬುಲಾಕಿಲ್ಲದೆ ಹೋದೆ. ಮಂಜು ಇನ್ನಷ್ಟು ದಟ್ಟವಾಗಿತ್ತು. ದಬಃ ಮರಳಿ ಬಂದಿತು. ಹತ್ತನೆಯ ನಾಮಕ್ಕೆ ಉಸಿರು ಕಟ್ಟಿತು. ನಲವತ್ತಕ್ಕೆ ಕೆಮ್ಮು ಬಂದು ನಿಲ್ಲಿಸಬೇಕಾಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಪಾರಾಯಣ ಅರ್ಧಕ್ಕೆ ನಿಂತಿತು. ಮುನಿಯಪ್ಪನವರು ಅಂಗಿಯ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡರು, ಅಷ್ಟೆ.

ಅವರು ಹೋದ ಮೇಲೆ ನಾನು ಪ್ರಾಕಾರದ ಕಲ್ಲಿನ ಮೇಲೆ ಕುಳಿತೆ. ತಂದೆಯವರು ವಹಿಸಿಕೊಟ್ಟ ಸೇವೆ ನಾಳೆಯಿಂದ ತಪ್ಪುತ್ತದೆ. ತಪ್ಪಿಸಿದ್ದು ಮಂಜೂ ಅಲ್ಲ, ಮುನಿಯಪ್ಪನವರೂ ಅಲ್ಲ. ಒಂದು ಚಿಟಿಕೆ ಕರ್ಪೂರ.

ಶೇಷಾದ್ರಿ ಬಾಗಿಲು ಹಾಕಿಕೊಂಡು ಬಂದ. ನಲವತ್ತರ ಆಸುಪಾಸಿನವನು. ಬೆಳಿಗ್ಗೆ ಪೂಜೆ, ಹತ್ತರ ಮೇಲೆ ಕಿರಾಣಿ ಅಂಗಡಿ.

“ಮೇಷ್ಟ್ರೆ, ಅದ್ಯಾಕೆ ಇವತ್ತು ಮೂಗಿಗೆ ಹಾಕ್ಕೊಂಡ್ ಬರ್ಲಿಲ್ಲ?”

ಹೇಳಿದೆ. ಅವನು ನಗಲಿಲ್ಲ. ಅದಕ್ಕಾಗಿ ನಾನು ಅವನಿಗೆ ಋಣಿ.

“ಹೂವಾದ್ರೆ ಸರಿ. ಅದು ದೇವ್ರಿಗೆ ಕೊಡೋದು. ನೀವು ಇದನ್ನ ದೇವ್ರಿಗೆ ಕೊಡ್ತಿಲ್ವಲ್ಲ?”

“ಕೊಡದೆ ನಾನೊಬ್ಬನೇ ಮೂಸುತ್ತಿದ್ದೇನಲ್ಲ ಶೇಷಾದ್ರಿ, ತಪ್ಪೇ ಅದು.”

“ಹಾಗಾದ್ರೆ ಕೊಡಿ.”

“ಏನನ್ನು?”

“ಒಡೆಯದೇ ಇರೋ ಪ್ಯಾಕೆಟ್ ಎಷ್ಟಿದೆ?”

“ನಾಲ್ಕು.”

“ನಾಳೆ ತಗೊಂಡ್ಬನ್ನಿ. ಮೂಗಿಗೆ ಹಾಕ್ಕೊಂಡಿದ್ದನ್ನ ತರ್ಬೇಡಿ ಮತ್ತೆ!”

ಐವತ್ತು ವರ್ಷ ಶಾಸ್ತ್ರ ಓದಿದ ನನಗೆ ಇಷ್ಟು ಹೊಳೆಯಲಿಲ್ಲ. ತಪ್ಪೆಲ್ಲಿದೆಯೆಂದು ಹುಡುಕುವುದರಲ್ಲಿ ನಾನು ಪಂಡಿತ; ದಾರಿ ಎಲ್ಲಿದೆಯೆಂದು ಬಲ್ಲವನು ಅವನು.

ಭಾನುವಾರ ಬಾಗಿಲು ತೆರೆದ ಕೂಡಲೇ ಶೇಷಾದ್ರಿ ಹಿತ್ತಾಳೆಯ ತಟ್ಟೆಯಲ್ಲಿ ಬೆಣ್ಣೆ ಸಕ್ಕರೆಯ ಪಕ್ಕಕ್ಕೆ ಆ ನಾಲ್ಕು ಪ್ಯಾಕೆಟ್‌ಗಳನ್ನಿಟ್ಟ. ಮೇಲೊಂದೊಂದು ತುಳಸಿದಳ. ಆಂಪ್ಲಿಫೈಯರ್ ಬಳಿ ನಿಂತಿದ್ದ ಮುನಿಯಪ್ಪನವರ ಕೈಯಲ್ಲಿ ಪೆನ್‌ಡ್ರೈವ್ ಸಿದ್ಧವಾಗಿತ್ತು. ಇಣುಕಿ ನೋಡಿದರು.

“ಏನಪ್ಪಾ ಶೇಷಾದ್ರಿ, ಮೆಡಿಕಲ್ ಶಾಪಿನ ಸಾಮಾನಿಗೂ ಮಂಗಳಾರತಿನಾ?”

“ನಿಮ್ ಬೋರ್‌ವೆಲ್ ಮೋಟ್ರಿಗೆ ಮಾಡ್ಸಿದ್ರಲ್ಲ ಯಜಮಾನ್ರೆ, ಆವಾಗ ಕೇಳಿದ್ರಾ?”

ಗಂಟೆ ಮೊಳಗಿತು. ಕರ್ಪೂರ ಬೆಳಗಿತು; ದೇವರಿಗೇ ಮೊದಲು. ಆಮೇಲೆ ಶೇಷಾದ್ರಿ ಒಂದು ಪ್ಯಾಕೆಟ್ಟನ್ನು ನನ್ನ ಬೊಗಸೆಗೆ ಹಾಕಿದ. “ಪ್ರಸಾದ ಮೇಷ್ಟ್ರೆ. ಈಗ ಧೈರ್ಯವಾಗಿ ಮೂಸಿ.”

ಪ್ರಸಾದವನ್ನು ಕಣ್ಣಿಗೊತ್ತಿ, ಬಿಡಿಸಿ, ಬಿಸಿನೀರಿನಲ್ಲಿ ತೊಳೆದು ತಂದಿದ್ದ ಬುಲಾಕಿಗೆ ತುಂಬಿ, ಧರಿಸಿದೆ. ಉಸಿರು ತೆರೆಯಿತು. ಅಂದಿನ ಪಾರಾಯಣವನ್ನು ನಾನು ಹೊಗಳಿಕೊಳ್ಳಬಾರದು. ಇಷ್ಟು ಮಾತ್ರ ಹೇಳಬಲ್ಲೆ: ಕೊನೆಯ ನಮಃ ಮೊದಲ ನಮಃದಷ್ಟೇ ಸ್ಪಷ್ಟವಾಗಿತ್ತು, ಡೇರಿಗೆ ಹೊರಟಿದ್ದ ಇಬ್ಬರು ಕ್ಯಾನು ಕೆಳಗಿಟ್ಟು ಮುಗಿಯುವವರೆಗೂ ನಿಂತಿದ್ದರು.

ತೀರ್ಥಕ್ಕೆ ಕೈ ಚಾಚಿದ ಮುನಿಯಪ್ಪನವರು ಸಾಲಾಗಿ ಮೂರು ಸೀನು ಸೀನಿದರು. ಮಂಜು ಧರ್ಮದರ್ಶಿಗಳನ್ನೂ ಬಿಡುವುದಿಲ್ಲ.

“ಆ ಪ್ರಸಾದ ಇನ್ನೊಂದು ಐತಾ?” ಎಂದರು, ಮೆಲ್ಲಗೆ.

“ಐತೆ,” ಎಂದ ಶೇಷಾದ್ರಿ. “ಮೊದ್ಲು ಆ ಪೆನ್‌ಡ್ರೈವ್ ಹುಂಡಿಗೆ ಹಾಕಿ.”

ಹಾಕಿದರು! ನಾನು ಕಣ್ಣಾರೆ ಕಂಡೆ.

ಮಧ್ಯಾಹ್ನ ಅವರೆಕಾಳಿನ ಹುಳಿ ಉಂಡು, ನಯಾಜನಿಗೆ ಫೋನು ಮಾಡಿ, ನನಗೊಂದು, ಮುನಿಯಪ್ಪನವರಿಗೊಂದು ಎಂದು ಇನ್ನೆರಡು ಡಬ್ಬಿ ತೆಗೆದಿಡಲು ಹೇಳಿದೆ. ನಡೆದದ್ದನ್ನೂ ಹೇಳಿದೆ. ನಕ್ಕಾನು ಎಂದುಕೊಂಡಿದ್ದೆ, ಅವನೂ ನಗಲಿಲ್ಲ.

“ಸರಿಯಾಗೇ ಮಾಡಿದೀರಿ ಸಾರ್. ನಾವೂ ಬಿಸ್ಮಿಲ್ಲಾ ಅನ್ನದೆ ಒಂದ್ ತುತ್ತು ಬಾಯಿಗಿಡಲ್ಲ. ಬಾಯಿಗೆ ಇರೋ ರೂಲ್ಸು ಮೂಗಿಗೆ ಯಾಕೆ ಬೇಡ?”

ಫೋನಿಟ್ಟ ಮೇಲೂ ಆ ಮಾತು ನನ್ನನ್ನು ಬಿಟ್ಟಿಲ್ಲ. ಎರಡು ದಿನದ ಕರ್ಪೂರಕ್ಕೆ ಅಷ್ಟೊಂದು ಅಂಜಿದವನು ನಾನು. ಎಪ್ಪತ್ತೆರಡು ವರ್ಷದಿಂದ ಬರಿಯ ಗಾಳಿಯನ್ನು ಯಾರ ಪ್ರಸಾದವೆಂದು ಉಸಿರಾಡುತ್ತಿದ್ದೆ?