ಎಡಭುಜದ ಹೂವು

೧೯೯೬ರಲ್ಲಿ ನನಗೊಂದು ಹುಚ್ಚು ಹತ್ತಿತ್ತು. ಗುಬ್ಬಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದವನು ಪದಕೋಶ ಮಾಡಲು ಹೊರಟು, ಚೀಟಿಗಳಲ್ಲಿ ಪದ ಬರೆದು ಬಿಸ್ಕತ್ತಿನ ಡಬ್ಬಕ್ಕೆ ತುಂಬುತ್ತಿದ್ದೆ. ‘ಎದುರಿಸು’ ಸಲೀಸಾಗಿಯೇ ಬಂತು. ಮುಖ ಕೊಟ್ಟು ನಿಲ್ಲುವುದು ಅದರ ಅರ್ಥ, ಹಳಗನ್ನಡದ ‘ಇದಿರ್’ ಅದರ ಮೂಲ. ಸಂಸ್ಕೃತದಿಂದ ಬಂದ ‘ವಿರೋಧಿಸು’ ಪದದೊಳಗೆ ತಡೆಯುವುದಿದೆ. ‘ಪ್ರತಿಭಟಿಸು’ ಪದದೊಳಗೆ ಒಬ್ಬ ಭಟನೇ ಇದ್ದಾನೆ. ಆದರೆ ಅಡುಗೆಮನೆಯಲ್ಲಿ ಇವನ್ನೆಲ್ಲ ಯಾರು ಆಡುತ್ತಾರೆ?

ಅದನ್ನು ತಿಳಿಯಲು ಹತ್ತಿರದ ಕಡಬದ ನರಸಮ್ಮನ ಬಳಿ ಹೋದೆ. ನನ್ನ ಜೊತೆ ಮೇಷ್ಟ್ರಾಗಿದ್ದ ಭೀಮರಾಜನ ತಾಯಿ. ಯಾವಾಗಲೂ ನಶ್ಯದ ಬಣ್ಣದ ಸೀರೆ. ಅವರ ದನಿ ಏರಿದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹುರುಳಿ ಕೇರುತ್ತಲೇ ಹೇಳಿದರು:

“ಎದುರಾಡೋದು, ಅಡ್ಡ ಬರೋದು, ತಿರುಗಿ ಬೀಳೋದು, ಸೆಟೆದು ನಿಲ್ಲೋದು. ಇವೆಲ್ಲ ಗಂಡಸ್ರ ಕೆಲ್ಸ ಮೇಷ್ಟ್ರೇ. ನಂದು ಬ್ಯಾರೆ.”

ಆ ಮನೆಯವರು ಮದುವೆ ಮಾತಿಗೆ ಮೊದಲು ತೋಟದಂಚಿನ ಅಮ್ಮನ ಕಲ್ಲಿನ ಮುಂದೆ ಹೂ ಕೇಳುತ್ತಾರೆ. ಒದ್ದೆ ಕಲ್ಲಿನ ಎರಡೂ ಭುಜಕ್ಕೆ ಹೂವಂಟಿಸಿ ಕೂರುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಅಮ್ಮನ ಒಪ್ಪಿಗೆ, ಎಡಗಡೆಯದಾದರೆ ಬೇಡ.

“ಬೆಳಗ್ಗೆ ಕಲ್ಲು ತೊಳೆಯೋಳು ನಾನು. ನಂಗೆ ಬ್ಯಾಡ ಅನ್ನಿಸಿದ್ರೆ ಎಡಭುಜಾನ ಸೆರಗಲ್ಲಿ ಒರೆಸ್ಬುಡ್ತೀನಿ. ಒಣಕಲ್ಲಲ್ಲಿ ಹೂವು ಎಷ್ಟೊತ್ತು ನಿಲ್ತದೆ?” ನರಸಮ್ಮ ಸಣ್ಣಗೆ ನಕ್ಕರು. “ಇದುಕ್ಕೇನಂತಾರೋ ನಂಗೊತ್ತಿಲ್ಲ. ನಾನಿರೋಗಂಟ ನಿಮ್ ಪುಸ್ತಕಕ್ಕೆ ಹಾಕ್ಬ್ಯಾಡಿ.”

ಮಾತು ಕೊಟ್ಟೆ. ಒಂದು ಖಾಲಿ ಚೀಟಿಯನ್ನು ಡಬ್ಬದಲ್ಲಿಟ್ಟೆ.

೨೦೦೧ರಲ್ಲಿ ನರಸಮ್ಮ ತೀರಿಕೊಂಡರು. ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆಯಾಗಬೇಕೆಂದು ಭೀಮರಾಜ ಮಗಳು ನೇತ್ರಾವತಿಯನ್ನು ಹುಲಿಯೂರುದುರ್ಗದ ಕಡೆಯ, ಹೆಂಡತಿ ಸತ್ತ ನಲವತ್ತರ ಗಂಡಿಗೆ ಗೊತ್ತು ಮಾಡಿದ. ಹುಡುಗಿ ಪಿಯುಸಿ ಮುಗಿಸಿ ಮೇಷ್ಟ್ರ ತರಬೇತಿಯ ಟಿಸಿಎಚ್‌ಗೆ ಅರ್ಜಿ ಹಾಕಿದ್ದಳು. ಅತ್ತು ಊದಿದ ಅವಳ ಮುಖ ಕಂಡೆ. ಆದರೂ ಭೀಮರಾಜನೆದುರು ತುಟಿ ಬಿಚ್ಚಲಿಲ್ಲ. ಡಬ್ಬದ ತುಂಬ ಪದ ಇಟ್ಟುಕೊಂಡವನ ಯೋಗ್ಯತೆ ಅಷ್ಟೇ.

ಹೂ ಕೇಳುವ ದಿನ ಬೆಳಕು ಹರಿಯುವಾಗಲೇ ಕೆರೆ ಏರಿ ದಾಟಿ ಅಮ್ಮನ ಕಲ್ಲಿನ ಬಳಿಗೆ ಹೋದೆ. ಜೇಬಿನಲ್ಲಿ ಕರವಸ್ತ್ರವಿತ್ತು. ಯಾರಿಗೂ ಕಾಣದಂತೆ ಎಡಭುಜ ಒರೆಸಿ ಬಂದುಬಿಡುವ ಯೋಚನೆ. ಒಂದು ಹಕ್ಕಿಯ ದನಿಯೂ ಇರಲಿಲ್ಲ.

ಕಲ್ಲು ಆಗಲೇ ತೊಳೆದಾಗಿತ್ತು. ಬಲಭುಜದಿಂದ ನೀರು ತೊಟ್ಟಿಕ್ಕುತ್ತಿತ್ತು. ಎಡಭುಜ ಮುಟ್ಟಿ ನೋಡಿದೆ, ಒಣಗಿತ್ತು. ಅಜ್ಜಿ ಮೊಮ್ಮಗಳಿಗೂ ಹೇಳಿಕೊಟ್ಟು ಹೋಗಿದ್ದಾರೆ ಎಂದು ಖುಷಿಪಟ್ಟೆ. ಅಷ್ಟರಲ್ಲಿ ನೇತ್ರಾವತಿ ತುಂಬಿದ ಬಿಂದಿಗೆ ಹೊತ್ತು ಬಂದಳು.

“ನೀವ್ಯಾಕೆ ತೊಳೆಯಕ್ಕೋದ್ರಿ ಸಾರ್? ನಾನೇ ಬರ್ತಿದ್ನಲ್ಲ.”

ನಾನು ನೆಲ ನೋಡಿದೆ. ಕಲ್ಲಿನ ಸುತ್ತಲ ಕೆಸರಿನಲ್ಲಿ ನನ್ನ ಚಪ್ಪಲಿಯ ಗುರುತು ಬಿಟ್ಟರೆ ಬೇರೆ ಹೆಜ್ಜೆಯಿರಲಿಲ್ಲ. ಕಲ್ಲಿನ ಎಡಭುಜದ ಒರಟು ಮೈಯಲ್ಲಿ ನೂಲಿನ ಎಳೆಯೊಂದು ಸಿಕ್ಕಿಕೊಂಡಿತ್ತು. ನಶ್ಯದ ಬಣ್ಣ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಪೂಜಾರಿ ಚಿಕ್ಕಬೀರಯ್ಯ ಹೂವಂಟಿಸಿ ಕೈ ತೆಗೆಯುವಷ್ಟರಲ್ಲಿ ಎಡಗಡೆಯದು ಬಿತ್ತು. ಭೀಮರಾಜ ಮತ್ತೆ ಅಂಟಿಸಲು ಹೇಳಿದ. ಮತ್ತೆಯೂ ಅದೇ. ಮೂರನೆಯ ಸಲ ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ನೇತ್ರಾವತಿ ಟಿಸಿಎಚ್ ಮುಗಿಸಿ ಕುಣಿಗಲ್ ಬಳಿ ಶಾಲೆಗೆ ಸೇರಿದಳು. ೨೦೦೬ರಲ್ಲಿ ಪದಕೋಶವನ್ನು ಅಚ್ಚಿಗೆ ಕೊಡುವಾಗ ಆ ಖಾಲಿ ಚೀಟಿ ಕೈಗೆ ಬಂತು. ತಾವಿರುವ ತನಕ ಹಾಕಬೇಡಿ ಎಂದಿದ್ದರಲ್ಲ ನರಸಮ್ಮ. ಅವರು ಹೋಗಿದ್ದಾರೆಂದು ನನಗಿನ್ನೂ ಖಾತ್ರಿಯಿಲ್ಲ. ಚೀಟಿಯನ್ನು ಮತ್ತೆ ಡಬ್ಬದಲ್ಲೇ ಇಟ್ಟೆ.