ರುದ್ರೇಶನ ಮೂರನೇ ಗುಂಡು

ದೆವ್ವದ ಕತೆ ಹೇಳೋರನ್ನ ಕಂಡರೆ ನನಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಸೈನ್ಯದಲ್ಲಿ ಹದಿನೇಳು ವರ್ಷ ಬಂದೂಕು ರಿಪೇರಿ ಮಾಡಿಕೊಂಡು ಬಂದವನು ನಾನು. ಕಬ್ಬಿಣ ಸುಮ್ಮಸುಮ್ಮನೆ ಸದ್ದು ಮಾಡಲ್ಲ, ಮಾಡಿತು ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತೆ ಅಂತ ನಂಬಿದವನು. ಆದರೆ ಹೋದ ವರ್ಷ ದಂಡಿಗನಹಳ್ಳಿ ಹತ್ತಿರದ ಒಂದು ಮನೆಯಲ್ಲಿ ನನ್ನ ಕಿವಿಯಾರೆ ಕೇಳಿದ ಸದ್ದಿಗೆ ಇವತ್ತಿನವರೆಗೂ ಕಾರಣ ಸಿಕ್ಕಿಲ್ಲ. ಭ್ರಮೆ ಅಂದುಕೊಂಡು ಮರೆಯೋಣ ಅಂದರೆ, ನನ್ನ ಜೊತೆ ಇನ್ನೂ ಇಬ್ಬರು ಅದನ್ನ ಕೇಳಿದ್ದಾರೆ.

ಹಾಸನದಲ್ಲಿ ನನ್ನದೊಂದು ಚಿಕ್ಕ ಕೋವಿ ರಿಪೇರಿ ಅಂಗಡಿ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯಿಂದ ಬೆಳೆ ಕಾಯೋಕೆ ಲೈಸೆನ್ಸ್ ಮಾಡಿಸಿಕೊಂಡ ರೈತರು ಬರುತ್ತಾರೆ. ಹಾಗೇ ಬಂದವನು ರುದ್ರೇಶ. ನಲವತ್ತರ ಆಸುಪಾಸು, ಮಾತು ಕಮ್ಮಿ. ಅವನದು ಅಪ್ಪನ ಕಾಲದ ಬೋಲ್ಟ್ ರೈಫಲ್ಲು. ಪ್ರತಿ ಸಲ ಹೊಡೆದ ಮೇಲೂ ಬೋಲ್ಟಿನ ಹಿಡಿಯನ್ನ ಕೈಯಲ್ಲಿ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಬೇಕು. ಆಗ ಕೆಳಗಿನ ಮ್ಯಾಗಜೀನಿನಿಂದ ಇನ್ನೊಂದು ಗುಂಡು ಎದ್ದು ನಳಿಗೆಯೊಳಕ್ಕೆ ಹೋಗುತ್ತೆ.

"ಮೊದ್ಲುನ ಗುಂಡೆಲ್ಲ ಸಲೀಸಾಗಿ ಓಯ್ತವೆ ಅಣ್ಣ. ಕೊನೇದು ಮಾತ್ರ ಮೂತಿ ತಗ್ಗುಸ್ಕಂಡು ಅಲ್ಲೇ ನಿಂತ್ಬುಡ್ತದೆ," ಅಂದ.

ಬಿಚ್ಚಿ ನೋಡಿದೆ. ನಳಿಗೆಯ ಬಾಯಲ್ಲಿ ಕೊಳೆ ಇರಲಿಲ್ಲ. ಮ್ಯಾಗಜೀನಿನ ಅಂಚು ಬಾಗಿರಲಿಲ್ಲ. ಗುಂಡುಗಳೂ ಚೆನ್ನಾಗಿದ್ದವು. ಮ್ಯಾಗಜೀನಿನ ಸ್ಪ್ರಿಂಗ್ ಮಾತ್ರ ಸತ್ತುಹೋಗಿತ್ತು. ಗುಂಡು ತುಂಬಿದ್ದಾಗ ಹೇಗೋ ಎತ್ತುತ್ತೆ, ಕೊನೆಯದನ್ನ ಎತ್ತೋ ಶಕ್ತಿ ಅದಕ್ಕಿರಲಿಲ್ಲ. ಹೊಸದು ತರಿಸೋಕೆ ಹದಿನೈದು ದಿನ ಬೇಕು. ಅವನ ಹೊಲದಲ್ಲಿ ಜೋಳ ತೆನೆ ಕಟ್ಟಿತ್ತು, ಹಂದಿ ಕಾಟ. ನನಗೆ ಅರಕಲಗೂಡಿನಲ್ಲಿ ನೆಂಟರ ಮದುವೆ, ಬಸ್ಸಿಗೆ ಹೊತ್ತಾಗುತ್ತಿತ್ತು...

ಅದೇ ಸ್ಪ್ರಿಂಗನ್ನ ಕೈಯಲ್ಲಿ ಎಳೆದು ಉದ್ದ ಮಾಡಿ ಹಾಕಿದೆ. ಡಮ್ಮಿ ಗುಂಡು ಹಾಕಿ ಮೂರು ಸಲ ನೋಡಿದೆ, ಸರಿಯಾಗೇ ಹೋಯಿತು. ಎಳೆದ ಸ್ಪ್ರಿಂಗು ನಾಲ್ಕು ದಿನಕ್ಕೆ ಮತ್ತೆ ಕುಗ್ಗುತ್ತೆ ಅಂತ ನನಗೆ ಗೊತ್ತಿತ್ತು. ಅವನಿಗೆ ಹೇಳಲಿಲ್ಲ.

"ಇನ್ನೇನೂ ಆಗಲ್ಲ, ಧೈರ್ಯವಾಗಿ ಹೋಗು," ಅಂದೆ.

ಒಂದು ತಿಂಗಳಾಗಿರಬಹುದು, ರುದ್ರೇಶನ ಹೆಂಡತಿ ಗಿರಿಜಮ್ಮ ಫೋನ್ ಮಾಡಿದರು. ಹೊಲದಲ್ಲಿ ಹಂದಿ ತಿವಿದು ರುದ್ರೇಶ ಸತ್ತುಹೋಗಿದ್ದ. ಎರಡು ಗುಂಡು ಹಾರಿಸಿದ್ದಾನೆ, ಕೊನೆಯದಾಗಿದ್ದ ಮೂರನೆಯದು ಅರ್ಧದಲ್ಲೇ ಸಿಕ್ಕಿಕೊಂಡಿದೆ. ಕೋವಿಯನ್ನ ಠಾಣೆಗೆ ಒಪ್ಪಿಸಬೇಕು, ಆದರೆ ಗುಂಡು ತೆಗೆಯೋಕೆ ಎಲ್ಲರಿಗೂ ಭಯ.

"ನೀವೇ ಬಂದು ತೆಗ್ದು ಕೊಡ್ಬೇಕು ಅಣ್ಣ..."

ನಾನು ಬೈಕಿನಲ್ಲಿ ಹೋಗಿ ತಲುಪಿದಾಗ ಕತ್ತಲಾಗುತ್ತಿತ್ತು. ನಡುಮನೆಯಲ್ಲಿ ರುದ್ರೇಶನ ಅಣ್ಣ ನಂಜಪ್ಪ ಕೂತಿದ್ದ. ಚಾಪೆ ಮೇಲೆ ಕೋವಿ. ಬೋಲ್ಟ್ ಅರ್ಧ ತೆರೆದೇ ಇತ್ತು, ಹಿಡಿಗೆ ಹೊಲದ ಮಣ್ಣು ಮೆತ್ತಿಕೊಂಡು ಒಣಗಿತ್ತು. ಸುಟ್ಟ ಮದ್ದಿನ ವಾಸನೆ ಇನ್ನೂ ಹೋಗಿರಲಿಲ್ಲ.

ಮ್ಯಾಗಜೀನ್ ಬಿಚ್ಚಿದೆ. ಗುಂಡು ನನ್ನ ಅಂಗೈಗೆ ಬಿತ್ತು. ಅದರ ಮೂತಿ ನಳಿಗೆಯ ಬುಡಕ್ಕೆ ಗುದ್ದಿ ಗುದ್ದಿ ಚಪ್ಪಟೆಯಾಗಿತ್ತು. ನೋಡಿದ ಕೂಡಲೇ ಗೊತ್ತಾಯಿತು. ನನ್ನ ಸ್ಪ್ರಿಂಗು... ನಾನು ಎಳೆದು ಹಾಕಿದ ಅದೇ ಸ್ಪ್ರಿಂಗು.

"ಯಾಕಂಗಾಯ್ತು ಏಳಿ ಸಾ," ಅಂದ ನಂಜಪ್ಪ. "ಕುಡ್ದು ಓಗಿದ್ದ ಅಂತ ಊರೇ ಆಡ್ಕತಾ ಅದೆ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಗಿರಿಜಮ್ಮ, "ಅವತ್ತು ಅವ್ರು ಮುಟ್ಟಿರ್ಲಿಲ್ಲ ಭಾವ. ಇನ್ನೆಷ್ಟ್ ಸತಿ ಏಳ್ಲಿ?" ಅಂದು ನನ್ನ ಕಡೆ ತಿರುಗಿದರು. "ರಿಪೇರಿ ಮಾಡ್ದೋರು ನೀವು. ನೀವೇ ಏಳಿ ಅಣ್ಣ."

ಗುಂಡನ್ನ ಮುಷ್ಟಿಯೊಳಗೆ ಮುಚ್ಚಿಕೊಂಡೆ. ಬಾಯಿಗೆ ಸುಳ್ಳೇ ಬಂತು.

"ರಿಪೇರಿ ಸರಿಯಾಗೇ ಇತ್ತಮ್ಮ. ಬೋಲ್ಟನ್ನ ಪೂರ್ತಿ ಹಿಂದಕ್ಕೆ ಎಳೀಬೇಕು. ಅರ್ಧಕ್ಕೇ ಎಳೆದು ತಳ್ಳಿಬಿಟ್ಟರೆ ಸಿಕ್ಕಾಕೊಳ್ಳುತ್ತೆ. ಗಾಬರಿಲಿ ಕೈ ತಪ್ಪಿರಬೇಕು..."

"ಕೇಳುಸ್ಕಂಡಾ ಗಿರಿಜಾ?" ಅಂದ ನಂಜಪ್ಪ. "ಕೈ ಸ್ವಾಧೀನ್ದಲ್ಲಿ ಇರ್ಲಿಲ್ಲ ಅಂತ ನಾನ್ ಏಳಿದ್ದು ಇದುನ್ನೇ ಕಣವ್ವ."

ಗಿರಿಜಮ್ಮ ಒಳಗೆ ಹೋದರು.

ಯಾರೂ ಮತ್ತೆ ಬಳಸಬಾರದು ಅಂತ ನಾನು ಬೋಲ್ಟನ್ನೇ ಪೂರ್ತಿ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ನಾಳೆ ಠಾಣೆಯಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟರಾಯಿತು ಅಂತ. ನಂಜಪ್ಪ ಕೋವಿಯನ್ನ ತೆಂಗಿನಕಾಯಿ ರಾಶಿ ಹಾಕಿದ್ದ ಕೋಣೆಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನ ಜೇಬಿಗಿಳಿಸಿದ. ಹೊರಡೋಕೆ ಎದ್ದೆ.

"ಉಂಡ್ಕಂಡು ಓಗಿ," ಅಂದರು ಗಿರಿಜಮ್ಮ ಒಳಗಿಂದ. ಬೇಡ ಅನ್ನೋ ಮುಖ ನನಗಿರಲಿಲ್ಲ.

ಮುದ್ದೆ, ಸೊಪ್ಪಿನ ಸಾರು. ಎರಡು ತುತ್ತು ನುಂಗಿದ್ದೆ, ಕರೆಂಟ್ ಹೋಯಿತು. ಗಂಟೆ ಎಂಟಿರಬೇಕು. ಗಿರಿಜಮ್ಮ ಮೇಣದಬತ್ತಿ ಹಚ್ಚಿ ಇಡುತ್ತಿದ್ದರು...

ಖಟ್.

ಕಾಯಿ ಕೋಣೆಯೊಳಗಿಂದ.

ಇಲಿ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಸರ್‍ರ್... ಅಂತ ಕಬ್ಬಿಣದ ಮೇಲೆ ಕಬ್ಬಿಣ ಜಾರಿತು. ಕೊನೆಯಲ್ಲಿ ಠಕ್! ಅಂತ ಗಟ್ಟಿಯಾಗಿ ಬಡಿಯಿತು. ನನ್ನ ಕೈ ತಟ್ಟೆಯಲ್ಲೇ ನಿಂತಿತು. ಹದಿನೇಳು ವರ್ಷ ಕೇಳಿದ ಸದ್ದದು. ಬೋಲ್ಟ್ ಕಟ್ಟಕಡೆಯವರೆಗೂ ಹೋಗಿ ಬಡಿದರೆ ಮಾತ್ರ ಬರೋ ಸದ್ದು. ಅರ್ಧಕ್ಕೆ ಎಳೆದರೆ ಬರಲ್ಲ.

ಆಮೇಲೆ ಮುಂದಕ್ಕೆ ತಳ್ಳಿದ ಸದ್ದು... ಮಧ್ಯದಲ್ಲಿ ಕಚ್ಚಿಕೊಂಡು ನಿಂತಿತು.

ಮತ್ತೆ ಸರ್‍ರ್... ಠಕ್! ಮತ್ತೆ ಕಚ್ಚಿಕೊಂಡಿತು. ಮತ್ತೆ... ಮತ್ತೆ... ಬರಬರುತ್ತಾ ಜೋರಾಯಿತು, ಬೇಗ ಬೇಗ ಆಯಿತು. ತುಳಿದ ಹಸಿ ಜೋಳದ ದಂಟಿನ ವಾಸನೆ ನಡುಮನೆ ತುಂಬಿತು.

ನಂಜಪ್ಪ ಜೇಬಿನೊಳಗಿನ ಕೀಲಿಯನ್ನ ಮುಟ್ಟಿ ನೋಡಿಕೊಂಡ. "ಯಾ... ಯಾರ್ಲಾ ಅದು?"

ಗಿರಿಜಮ್ಮ ಮಾತ್ರ ಕದಲಲಿಲ್ಲ. ಬತ್ತಿ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಪೂರ್ತಿ ಎಳೀತಾವ್ರೆ," ಅಂದರು ಪಿಸುದನಿಯಲ್ಲಿ. "ಕೇಳುಸ್ತಾ ಅಣ್ಣ? ಪೂರ್ತಿ ಎಳೀತಾವ್ರೆ."

ಚೀಲಕ್ಕೆ ಕೈ ಹಾಕಿದೆ. ಬೋಲ್ಟ್ ಬಟ್ಟೆಯೊಳಗೇ ಇತ್ತು. ಆದರೆ ಬಿಸಿಯಾಗಿತ್ತು, ಈಗಷ್ಟೇ ಯಾರೋ ಮುಷ್ಟಿಯಿಂದ ಬಿಟ್ಟ ಹಾಗೆ.

"ಸ್ಪ್ರಿಂಗು..." ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಸ್ಪ್ರಿಂಗು ಹೋಗಿತ್ತಮ್ಮ. ನನಗೆ ಗೊತ್ತಿತ್ತು. ಬದಲಾಯಿಸಲಿಲ್ಲ. ಅವನದೇನೂ ತಪ್ಪಿಲ್ಲ."

ಸದ್ದು ನಿಂತಿತು.

ನಂಜಪ್ಪ ಬೀಗ ತೆಗೆಯೋಕೆ ಒಪ್ಪಲಿಲ್ಲ. ಕೀಲಿ ಕಿತ್ತುಕೊಂಡು ನಾನೇ ತೆಗೆದೆ. ಕಾಯಿ ರಾಶಿ, ಗೋಡೆಗೆ ಒರಗಿಸಿದ ಕೋವಿ, ಬೋಲ್ಟ್ ಇರಬೇಕಾದ ಜಾಗ ಖಾಲಿ. ಇನ್ನೇನೂ ಇರಲಿಲ್ಲ.

ತಿರುಗಿ ಬಂದಾಗ ಗಿರಿಜಮ್ಮ ನನ್ನ ತಟ್ಟೆಯನ್ನ ಎತ್ತಿಬಿಟ್ಟಿದ್ದರು.

"ಬೆಳಗ್ಗೆ ಡೈರಿ ಮುಂದೆ ಊರೋರೆಲ್ಲ ಸೇರ್ತಾರೆ," ಅಂದರು. "ಅಲ್ಲಿ ಏಳ್ತೀರಾ ಸಾ?"

ನಾನು ಈಗ ಅಣ್ಣ ಆಗಿರಲಿಲ್ಲ.

ಹೇಳಿದೆ. ಬೆಳಗ್ಗೆ ಹಾಲು ಹಾಕೋಕೆ ಕ್ಯಾನು ಹಿಡಿದು ನಿಂತಿದ್ದ ಜನರ ಮುಂದೆ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದೆ. ಆಮೇಲೆ ಒಬ್ಬರು ಮುದುಕರು ಹಾಲಿನ ಚೀಟಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಾ, "ಇರ್ಬೋದು ಕಣಪ್ಪ. ಆದ್ರೂ ರುದ್ರೇಶ ಕುಡೀತಿದ್ದ ಬುಡು," ಅಂದರು. ನಾಲ್ಕು ಜನ ತಲೆಯಾಡಿಸಿದರು. ನಂಜಪ್ಪ ಅವರ ಜೊತೆಯಲ್ಲೇ ನಿಂತಿದ್ದ, ಬಾಯಿ ಬಿಡಲಿಲ್ಲ. ಗಿರಿಜಮ್ಮ ಖಾಲಿ ಕ್ಯಾನು ತಗೊಂಡು ಹೊರಟುಹೋದರು.

ಕೋವಿ, ಬೋಲ್ಟ್ ಎರಡನ್ನೂ ಅವತ್ತೇ ಠಾಣೆಗೆ ಒಪ್ಪಿಸಿದೆವು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಎರಡು ತಿಂಗಳ ಮೇಲೆ, ಒಂದು ಸಂಜೆ ಅಂಗಡಿ ಬಾಗಿಲು ಹಾಕುವಾಗ ಗಿರಿಜಮ್ಮನವರ ಫೋನ್ ಬಂತು.

"ಡೈರಿ ಮುಂದೆ ಏಳುದ್ರಲ್ಲ ಸಾ... ಊರು ಇನ್ನೂ ಕುಡ್ದಿದ್ದ ಅಂತ್ಲೇ ಆಡ್ಕತಾ ಅದೆ. ಆ ಸದ್ದು ಮತ್ತೆ ಸುರುವಾಗದೆ. ಕೋಣೇಲಿ ಬರೀ ಕಾಯಿ ಅವೆ. ಆದ್ರೂ ದಿನಾ ಎಂಟಕ್ಕೆ ಎಳೀತಾವ್ರೆ. ಇನ್ನೇನಾರಾ ಮುಚ್ಚಿಟ್ಟಿದ್ದೀರಾ?"

"ಇಲ್ಲಮ್ಮ. ಎಲ್ಲ ಹೇಳಿದ್ದೀನಿ."

"ಅಂಗಾರೆ ಇನ್ನೇನ್ ಬೇಕು ಅವ್ರಿಗೆ?"

ಹಾಕುತ್ತಿದ್ದ ಬಾಗಿಲನ್ನ ಅರ್ಧಕ್ಕೇ ಬಿಟ್ಟು ನಿಂತೆ.

"ನೀವೇ ಕೇಳಿ," ಅಂದರು ಗಿರಿಜಮ್ಮ. ಅವರು ನಡೆದುಹೋಗೋ ಸಪ್ಪಳ... ಫೋನನ್ನ ಆ ಕೋಣೆಯ ಬಾಗಿಲಿಗೆ ಹಿಡಿಯುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು.

ಕಟ್ ಮಾಡಿಬಿಟ್ಟೆ.

ಅವರು ಮತ್ತೆ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ.